ಸಿಲ್ಕ್ ಬೋರ್ಡ್ ದಾಟುವ ಕಾರಿಗೆ ಎಂಥ ಟ್ಯೂನಿಂಗ್?

ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಓಡಾಡುವ ಟರ್ಬೊ ಪೆಟ್ರೋಲ್ ಕಾರಿಗೆ ಟ್ಯೂನಿಂಗ್ ಮಾಡಿಸಲೇಬೇಕೆಂದರೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಕಂಪನಿಯ ಇಸಿಯುವನ್ನೇ ರೀಮ್ಯಾಪ್ ಮಾಡಿಸುವುದು, ಅಂದರೆ ಅದರ ಸಾಫ್ಟ್‌ವೇರ್ ತಿದ್ದಿಸುವುದು, ವಾಸಿ. ಅಗ್ಗದ ಟ್ಯೂನಿಂಗ್ ಬಾಕ್ಸ್ ಸೆನ್ಸರ್ ಸಿಗ್ನಲ್ ತಿದ್ದಿ, ಟರ್ಬೊ ಕೊಡುವ ಒತ್ತಡ (ಬೂಸ್ಟ್) ಕಡಿಮೆಯಿದೆ ಎಂದು ಇಸಿಯುವನ್ನು ನಂಬಿಸುತ್ತದೆ. ಆಗ ಇಸಿಯು ಟರ್ಬೊವನ್ನು ಇನ್ನಷ್ಟು ದುಡಿಸುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಟರ್ಬೊ ಮೊದಲೇ ಹೆಚ್ಚು ತಿರುಗುತ್ತಿರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು, ರೇಡಿಯೇಟರ್ ಫ್ಯಾನ್ ಭೋರ್ಗರೆಯುತ್ತಾ ನಿಂತ ಕಾರು ಹಸಿರು ದೀಪಕ್ಕೆ ಒಮ್ಮೆಲೇ ನುಗ್ಗಿದರೆ, ಒಳಗೆ ಹೋಗುವುದು ಕಾದ ಗಾಳಿ. ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್‌ಗೆ ಪೆಟ್ಟು ಕೊಡುವ ನಾಕಿಂಗ್ ಶುರುವಾಗುವುದು ಅಲ್ಲೇ.

ವಾರಂಟಿ ಉಳಿಸಿಕೊಳ್ಳಲು ಸರ್ವಿಸ್‌ಗೆ ಬಿಡುವ ಮುನ್ನ ಬಾಕ್ಸ್ ಕಿತ್ತಿಡಬಹುದಲ್ಲ ಎನ್ನುತ್ತಾರೆ. ಕಿತ್ತಿಡಬಹುದು, ಪಿಸ್ಟನ್ ತಿಂದ ಪೆಟ್ಟು ಮಾತ್ರ ಹಾಗೇ ಉಳಿಯುತ್ತದೆ. ರೀಮ್ಯಾಪ್‌ನಲ್ಲಾದರೆ ಬೂಸ್ಟ್, ಇಂಧನ, ಇಗ್ನಿಷನ್ ಟೈಮಿಂಗ್ ಮೂರನ್ನೂ ನಮ್ಮ ಬಂಕಿನ ಪೆಟ್ರೋಲಿಗೆ ತಕ್ಕಂತೆ ಒಟ್ಟಿಗೆ ಹೊಂದಿಸಬಹುದು. ರೀಮ್ಯಾಪ್‌ನಿಂದ ವಾರಂಟಿ ಹೋಗುವ ಭಯ ನ್ಯಾಯವಾದದ್ದೇ. ವಾರಂಟಿ ಮುಗಿಯುವವರೆಗೆ ಕಾಯಿರಿ.