ಮುಚ್ಚಿದ ಬಾಗಿಲಿಗೊಂದು ಕಾರ್ಡು

ನೀವು ಕೈಯಾರೆ ಬರೆದು ಯಾರಿಗಾದರೂ ಒಂದು ಕಾರ್ಡು ಕಳುಹಿಸಿ ಎಷ್ಟು ಕಾಲವಾಯಿತು?

ರೋಗಿಯನ್ನು ಕಂಡು ಕ್ಷೇಮ ವಿಚಾರಿಸುವುದು, ಮರಣದ ಮನೆಗೆ ಹೋಗಿ ಸಾಂತ್ವನ ಹೇಳುವುದು ನಮಗೆ ಚಿಕ್ಕಂದಿನಿಂದಲೇ ಕಲಿಸಿದ ಪಾಠ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ಆ ದಾರಿಯೂ ಮುಚ್ಚಿತು. ತರಾವೀಹ್, ಈದ್ ನಮಾಝ್ ಕೂಡಾ ಮನೆಯೊಳಗೇ ಆಯಿತು. ಆಗ ನೆರವಿಗೆ ಬಂದದ್ದು ಅಂಚೆ ಕಾರ್ಡು. 1879ರಲ್ಲಿ ಕಾಲಾಣೆಗೆ ಆರಂಭವಾದ ಅದರ ಬೆಲೆ 2020ರಲ್ಲೂ ಐವತ್ತೇ ಪೈಸೆ!

ಆ ದಿನಗಳಲ್ಲಿ ಮನೆಮನೆಗೆ ಬಂದು ಜ್ವರ, ಕೆಮ್ಮು ವಿಚಾರಿಸುತ್ತಿದ್ದವರು ಆಶಾ ಕಾರ್ಯಕರ್ತೆಯರು. ನಮ್ಮ ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 42 ಸಾವಿರ. ಕೆಲವೆಡೆ ಜನ ಅವರ ಮೇಲೆ ಹಲ್ಲೆಯನ್ನೂ ಮಾಡಿದರು. ನನ್ನ ವಿದ್ಯಾರ್ಥಿನಿಯರು ಹಳೆಯ ನೋಟ್‌ಬುಕ್ಕಿನ ರಟ್ಟಿನಿಂದ ಕಾರ್ಡು ಮಾಡಿ, 'ನೀವು ಬಿಸಿಲಲ್ಲಿ ನಮಗಾಗಿ ನಡೆದಿರಿ, ಧನ್ಯವಾದ' ಎಂದು ಬರೆದು ಗೇಟಿನ ಬಳಿ ಕೊಟ್ಟರು. ಆಕೆ ಅದನ್ನೋದಿ ತನ್ನ ರಿಜಿಸ್ಟರಿನೊಳಗೆ ಜೋಪಾನವಾಗಿ ಇಟ್ಟುಕೊಂಡರು. ಮರುವಾರ ಬಂದಾಗ ಮಕ್ಕಳನ್ನು ಹೆಸರು ಹಿಡಿದು ಕರೆದರು.

ಲಾಕ್‌ಡೌನ್ ಮುಗಿಯಿತು. ಆದರೆ ಒಂಟಿತನ ಮುಗಿಯಿತೇ? ಗಂಡನನ್ನು ಕಳೆದುಕೊಂಡು ಇದ್ದತ್‌ನಲ್ಲಿರುವ ಸಹೋದರಿಯನ್ನು ನೆನೆಯಿರಿ. ನಾಲ್ಕು ತಿಂಗಳು ಹತ್ತು ದಿನ ಆಕೆ ಮನೆಯಲ್ಲೇ ಇರುತ್ತಾಳೆ. ಮೊದಲ ವಾರ ಮನೆ ತುಂಬ ಜನ. ಎರಡನೆಯ ತಿಂಗಳಿಗೆ ಚಪ್ಪಲಿಗಳ ಸದ್ದೇ ಇಲ್ಲ. ಅಂತಹ ನನ್ನ ನೆರೆಯಾಕೆಗೆ ನಾನು ಕಾರ್ಡು ಬರೆದದ್ದು ಆ ಎರಡನೆಯ ತಿಂಗಳಲ್ಲೇ. 'ಸಬ್ರ್ ಮಾಡು' ಎಂದು ಬರೆಯಲಿಲ್ಲ, ಅದನ್ನು ಎಲ್ಲರೂ ಹೇಳಿ ಆಗಿತ್ತು. ಮಳೆಗಾಲದಲ್ಲಿ ಅವಳ ಗಂಡ ನಮ್ಮ ಮಾಡಿನ ಹೆಂಚು ಸರಿಪಡಿಸಿ, ಚಹಾ ಕೂಡಾ ಕುಡಿಯದೆ ಹೋದದ್ದನ್ನು ಬರೆದೆ. "ಟೀಚರ್, ಇದು ನನಗೆ ಗೊತ್ತೇ ಇರಲಿಲ್ಲ" ಎಂದು ಆಕೆ ಫೋನಿನಲ್ಲಿ ಅತ್ತಳು. ಮಗಳಿಂದ ಅದನ್ನು ಮೂರು ಸಲ ಓದಿಸಿ ಕೇಳಿದಳಂತೆ.

ಮೊಬೈಲಿನಲ್ಲಿ ಕಳುಹಿಸಬಾರದೇ ಎನ್ನುತ್ತೀರಾ? ಕಳುಹಿಸಿ. ಆದರೆ ನೂರು ಜನರಿಗೆ ಹೋದ ಹೂವಿನ ಚಿತ್ರ ತನಗೆಂದೇ ಬಂದದ್ದಲ್ಲವೆಂದು ಆಕೆಗೂ ಗೊತ್ತು. ಕಾರ್ಡಿನ ಮೇಲೆ ಅವಳ ಹೆಸರಿರುತ್ತದೆ, ನಿಮ್ಮ ಅಕ್ಷರವಿರುತ್ತದೆ.

ಬರೆಯುವುದು ಕಷ್ಟವೇನಲ್ಲ. ಹೆಸರು ಹಿಡಿದು ಕರೆಯಿರಿ. ನಿಮಗಾದ ಒಂದು ಉಪಕಾರವನ್ನು ನೆನೆಯಿರಿ. ಮಾಡಬಲ್ಲ ಒಂದು ಸಹಾಯವನ್ನು ಹೇಳಿ: "ಗುರುವಾರ ಸಂತೆಗೆ ಹೋಗುವೆ, ಏನು ತರಲಿ?" ಕೊನೆಗೊಂದು ದುಆ. ಕನ್ನಡ ಓದಲು ಬಾರದವರಿಗೆ ಉರ್ದುವಿನಲ್ಲಿ ಬರೆಯಿರಿ.

ನಿಮ್ಮ ಜಮಾಅತ್‌ನಲ್ಲಿ ಇಂದು ಇದ್ದತ್‌ನಲ್ಲಿರುವವರು ಯಾರು? ಹಾಸಿಗೆ ಹಿಡಿದವರು ಯಾರು? ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಶುಕ್ರವಾರ ಒಬ್ಬರಿಗಾದರೂ ಬರೆಯುವಿರಲ್ಲವೇ?