ಜ್ವರ ವಿಚಾರಿಸಲು ಬಂದವರು

ಜೋಗ ಎಂದೊಡನೆ ಹೊರಗಿನವರಿಗೆ ಜಲಪಾತ ನೆನಪಾಗುತ್ತದೆ. ಸುತ್ತಮುತ್ತಲಿನ ನಮಗೆ ಚಳಿಗಾಲ ಕಳೆಯುತ್ತಿದ್ದಂತೆ ನೆನಪಾಗುವುದು ಜ್ವರ. ಕಾಡಿನಲ್ಲಿ ಎಲೆ ಉದುರತೊಡಗಿದರೆ ಸಾಕು, ‘ಎಲ್ಲಾದರೂ ಮಂಗ ಸತ್ತಿದೆಯಂತಾ?’ ಎಂದು ಒಬ್ಬರನ್ನೊಬ್ಬರು ಕೇಳುವುದು ಇಲ್ಲಿಯ ರೂಢಿ. ಹಾಗಾಗಿ 2020ರಲ್ಲಿ ಕೊರೋನಾ ಬಂದಾಗ ಉಳಿದವರಿಗೆ ಹೊಸದಾಗಿ ಕಂಡ ಕೆಲವು ಸಂಗತಿಗಳು ನಮಗೆ ಹಳೆಯವಾಗಿದ್ದವು. ಅವುಗಳಲ್ಲಿ ಒಂದು, ಮನೆ ಮನೆಗೆ ಬಂದು ಜ್ವರ ವಿಚಾರಿಸುವ ಹೆಂಗಸರು.

ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಮನುಷ್ಯರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಾಣುವನ್ನು ಗುರುತಿಸಿದರು. ಆ ಕಾಡಿನ ಹೆಸರೇ ರೋಗದ ಹೆಸರಾಯಿತು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ. ನಿಜವಾಗಿ ಅದನ್ನು ಅಂಟಿಸುವುದು ಮಂಗವಲ್ಲ, ಉಣುಗು. ದರಕು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವವರನ್ನು ಅದು ಕಚ್ಚುತ್ತದೆ. ಕಚ್ಚುವಾಗ ಜಾತಿ ಧರ್ಮ ಕೇಳುವುದಿಲ್ಲ. ಈ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದರೆ ಇದನ್ನೇ ಗುರಿಯಾಗಿಸಿದ ಮದ್ದೂ ಇಲ್ಲ. ಬೇಗ ಗುರುತಿಸಿ ಆರೈಕೆ ಮಾಡುವುದೊಂದೇ ದಾರಿ.

2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಲಗೋಡಿನಲ್ಲಿ ಈ ಕಾಯಿಲೆ ಕಾಣಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಜ್ವರದವರಿಂದ ತುಂಬಿತು. ಸ್ಥಿತಿ ಬಿಗಡಾಯಿಸಿದವರನ್ನು ಘಟ್ಟ ಇಳಿಸಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಒಯ್ದರು. ಮಂಗ ಸತ್ತ ಜಾಗದ ಸುತ್ತ ಮೆಲಾಥಿಯಾನ್ ಪುಡಿ ಎರಚಿದರು. ಆರೋಗ್ಯ ಸಹಾಯಕಿಯರೂ ಆಶಾ ಕಾರ್ಯಕರ್ತೆಯರೂ ಲಸಿಕೆಯ ಪೆಟ್ಟಿಗೆ, ಮೈಗೆ ಹಚ್ಚುವ ಡಿಎಂಪಿ ಎಣ್ಣೆ ಹಿಡಿದು ಮನೆಮನೆ ಸುತ್ತಿದರು.

ಲಸಿಕೆಯನ್ನು ಜನ ಸುಲಭವಾಗಿ ಒಪ್ಪಲಿಲ್ಲ. ಅದು ವಿಪರೀತ ನೋಯುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚಿಸಿಕೊಳ್ಳಬೇಕು, ಆಮೇಲೂ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ಒಂದು ದಿನದ ಕೂಲಿ ಬಿಟ್ಟು ಕೈ ಊದಿಸಿಕೊಳ್ಳುವವರು ಯಾರು? ನಮ್ಮಲ್ಲೂ ಅನೇಕರು ತಪ್ಪಿಸಿಕೊಂಡೆವು. ಕೊನೆಗೆ ನಮ್ಮನ್ನು ಒಪ್ಪಿಸಿದ್ದು ಜೀಪಿನ ಧ್ವನಿವರ್ಧಕವಲ್ಲ. ನಮ್ಮ ಮನೆಯ ಹೆರಿಗೆಗೆ ಆಸ್ಪತ್ರೆಯ ತನಕ ಜೊತೆಗೆ ಬಂದಿದ್ದ, ಮಕ್ಕಳ ಪೋಲಿಯೋ ಹನಿಗೆ ನೆನಪು ಮಾಡುತ್ತಿದ್ದ ಅದೇ ಆಶಾ ಅಕ್ಕ ಜಗಲಿಯಲ್ಲಿ ಕುಳಿತು ಹೇಳಿದ ಮಾತು.

ಮರುವರ್ಷದ ಮಾರ್ಚ್‌ನಲ್ಲಿ ಅವರೇ ಮತ್ತೊಂದು ಪುಸ್ತಕ ಹಿಡಿದು ಬಂದರು. ಮನೆಯಲ್ಲಿ ಎಷ್ಟು ಜನ, ಅರವತ್ತು ದಾಟಿದವರು ಯಾರು, ಹೊರಗಿನಿಂದ ಬಂದವರಿದ್ದಾರೆಯೇ, ಜ್ವರ ಕೆಮ್ಮು ಉಂಟೇ? ಲಾಕ್‌ಡೌನಿನ ಆ ತಿಂಗಳುಗಳು ಮಂಗನ ಕಾಯಿಲೆಯ ಕಾಲವೂ ಆಗಿದ್ದವು. ಎರಡೂ ಶುರುವಾಗುವುದು ಜ್ವರದಿಂದಲೇ. ಜ್ವರ ಎಂದರೆ ಎಲ್ಲಿ ಹಿಡಿದುಕೊಂಡು ಹೋಗಿ ಕ್ವಾರಂಟೈನಿಗೆ ಹಾಕುತ್ತಾರೋ ಎಂದು ಜನ ಮುಚ್ಚಿಡತೊಡಗಿದರು. ಮಂಗನ ಕಾಯಿಲೆಯ ಜ್ವರವನ್ನು ಹಾಗೆ ಮುಚ್ಚಿಟ್ಟರೆ ಜೀವಕ್ಕೇ ಎರವು. ಆಗ ಬಾಗಿಲಿಗೆ ಬಂದು ಕೇಳುವವರು ನಂಬಿಕೆಯವರಾಗಿರಬೇಕಿತ್ತು.

ಆ ನಂಬಿಕೆ ಎಷ್ಟು ಸೂಕ್ಷ್ಮವಾದುದು ಎಂಬುದನ್ನು ಮುಸ್ಲಿಮರಾದ ನಾವು ಆ ದಿನಗಳಲ್ಲಿ ಕಂಡೆವು. ಮಾರ್ಚ್ ಕೊನೆಯಲ್ಲಿ ದಿಲ್ಲಿಯ ನಿಜಾಮುದ್ದೀನಿನ ಸುದ್ದಿ ಬಂದದ್ದೇ ತಡ, ಟೀವಿಯವರು ರೋಗಕ್ಕೆ ನಮ್ಮ ಹೆಸರಿಟ್ಟರು. ನಿನ್ನೆಯವರೆಗೆ ನಮ್ಮಿಂದ ಮೀನು, ಹಣ್ಣು ಕೊಳ್ಳುತ್ತಿದ್ದ ಕೆಲವರು ಬೀದಿಯ ಆ ಬದಿಗೆ ಸರಿದು ನಡೆದರು. ಮೇ 10ರಂದು ಶಿವಮೊಗ್ಗ ಜಿಲ್ಲೆಯ ಮೊದಲ ಎಂಟು ಪ್ರಕರಣಗಳು ಪತ್ತೆಯಾದವು. ಎಲ್ಲರೂ ಅಹಮದಾಬಾದಿನಿಂದ ಮರಳಿದವರು. ಮತ್ತೆ ಅದೇ ಪಿಸುಮಾತು. ತಬ್ಲೀಗಿಗೆ ಬಂದಿದ್ದ ವಿದೇಶೀಯರನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅದೇ ಆಗಸ್ಟ್‌ನಲ್ಲಿ ಹೇಳಿತು. ಅಷ್ಟರಲ್ಲಿ ಆಗಬೇಕಾದ ಗಾಯ ಆಗಿಹೋಗಿತ್ತು.

ಆದರೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. ಎನ್‌ಆರ್‌ಸಿಗಾಗಿ ಹೆಸರು ಬರೆದುಕೊಳ್ಳುತ್ತಿದ್ದಾರೆ ಎಂಬ ಗುಮಾನಿ ಆಗ ಹರಡಿತ್ತು. ಭಯಕ್ಕೆ ಕಾರಣವಿತ್ತು, ನಿಜ. ಆದರೆ ನಮ್ಮ ಜೀವ ಉಳಿಸಲು ಬಂದ ಬಡ ಹೆಂಗಸಿನ ಮೇಲೆ ಕೈ ಮಾಡುವುದಕ್ಕೆ ಯಾವ ಭಯವೂ ಸಮರ್ಥನೆಯಲ್ಲ.

ಅದೇ ವಾರ ನಮ್ಮ ಕೇರಿಗೂ ಪುಸ್ತಕ ಬಂತು. ಹಿರಿಯರೊಬ್ಬರು ಬಾಗಿಲಿಗೆ ಅಡ್ಡ ನಿಂತು, ‘ಇದು ಎನ್‌ಆರ್‌ಸಿ ಪಟ್ಟಿ ಅಲ್ಲ ತಾನೆ?’ ಎಂದರು. ಆಶಾ ಅಕ್ಕ ನಕ್ಕುಬಿಟ್ಟರು. ‘ಚಾಚಾ, ಹೋದ ವರ್ಷ ಮಂಗನ ಕಾಯಿಲೆ ಸೂಜಿಗೆ ಅತ್ತುಬಿಟ್ಟ ನಿಮ್ಮ ಮೊಮ್ಮಗನ ಹೆಸರು ನನ್ನ ಹತ್ರ ಆಗಲೇ ಉಂಟು. ಈಗ ಜ್ವರ ಇದೆಯಾ ಹೇಳಿ ಸಾಕು’ ಎಂದರು. ಚಾಚಾ ಪಕ್ಕಕ್ಕೆ ಸರಿದು ಒಳಗೆ ನೀರು ತರಲು ಹೇಳಿದರು. ಆ ರಂಜಾನಿನಲ್ಲಿ ತರಾವೀಹ್ ನಮಾಜನ್ನು ಮನೆಯಲ್ಲೇ ಮಾಡಿದೆವು. ಸಾಂಕ್ರಾಮಿಕವಿರುವ ಊರಿಗೆ ಹೋಗಬಾರದು, ಅಲ್ಲಿರುವವರು ಊರು ಬಿಟ್ಟು ಹೊರಡಬಾರದು ಎಂಬುದು ಪ್ರವಾದಿಯವರ (ಸ) ಬೋಧನೆಯೇ ತಾನೆ?

ಬಳಿಕ ಏನಾಯಿತು? 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಆದರೆ 2020ರ ಜುಲೈನಲ್ಲಿ, ಕೊರೋನಾದ ನಡುವೆಯೇ, ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಿದ ಕರ್ನಾಟಕದ ಈ ಹೆಂಗಸರು 2025ರ ಜನವರಿಯಲ್ಲೂ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು. ಪ್ರಶಸ್ತಿಯಿಂದ ಒಲೆ ಉರಿಯುತ್ತದೆಯೇ?

ಇನ್ನೊಂದು ಮಾತು. ಅವರು ಅಷ್ಟು ಕಷ್ಟಪಟ್ಟು ನಮ್ಮನ್ನು ಒಪ್ಪಿಸಿದ್ದ ಮಂಗನ ಕಾಯಿಲೆಯ ಲಸಿಕೆಯನ್ನು, ಅದರ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಅದರ ಜಾಗಕ್ಕೆ ಬಂದದ್ದು ಮೈಗೆ ಹಚ್ಚುವ ಡೆಪಾ ಎಣ್ಣೆ. ‘ಹಾಗಾದರೆ ಅಂದು ನಮಗೆ ಚುಚ್ಚಿದ್ದೇನು?’ ಎಂಬ ಪ್ರಶ್ನೆಗೆ ಉತ್ತರ ಹೇಳಲು ನಿಂತವರೂ ಅದೇ ಆಶಾ ಅಕ್ಕಂದಿರು, ಲಸಿಕೆ ತಯಾರಿಸಿದವರಲ್ಲ. ಆಸ್ಪತ್ರೆಗಳು, ಪ್ರಯೋಗಾಲಯಗಳು, ಸರಕಾರ ಎಲ್ಲವೂ ಕೊನೆಗೆ ನಿಂತಿರುವುದು ಅವರು ಗಳಿಸಿದ ನಂಬಿಕೆಯ ಮೇಲೆ. ಅವರ ಬಾಯಲ್ಲಿ ಸುಳ್ಳು ಹೇಳಿಸಿದರೆ ಆ ನಂಬಿಕೆ ಮುಂದಿನ ರೋಗಕ್ಕೆ ಉಳಿಯುವುದಿಲ್ಲ.

ರೋಗಿಯನ್ನು ವಿಚಾರಿಸುವುದು ನಮ್ಮ ಧರ್ಮದಲ್ಲಿ ಪುಣ್ಯದ ಕೆಲಸ. ಆ ಕೆಲಸವನ್ನು ದಿನವೂ ಬಿಸಿಲಲ್ಲಿ ನಡೆದು ಮಾಡುತ್ತಿರುವವರು ಇವರು. ಮತ್ತೆ ಎಲೆ ಉದುರುವ ಕಾಲಕ್ಕೆ ಅವರು ನಮ್ಮ ಬಾಗಿಲಿಗೆ ಬಂದೇ ಬರುತ್ತಾರೆ. ಕೂರಲು ಚಾಪೆ ಹಾಸೋಣ, ಜ್ವರವಿದ್ದರೆ ಇದೆ ಎಂದು ಹೇಳೋಣ. ಅವರು ಕೂಲಿಗಾಗಿ ಬೀದಿಗಿಳಿದ ದಿನ ಅವರ ಪಕ್ಕದಲ್ಲಿ ನಾವೂ ನಿಲ್ಲೋಣ.