ಹೂವಲ್ಲದ ಪರಿಮಳ

ನಾವು ತಿನ್ನುವ ಬಾದಾಮಿಗೆ ಹೇಳಿಕೊಳ್ಳುವಂಥ ಪರಿಮಳವೇನೂ ಇಲ್ಲ. ಬೇಕಾದರೆ ಒಂದನ್ನು ಮೂಗಿಗೆ ಹಿಡಿದು ನೋಡಿ. ಸೀಸೆಗಳಲ್ಲಿ ‘ಬಾದಾಮಿ’ ಎಂದು ಬರುವುದು ಕಹಿ ಬಾದಾಮಿಯ ಘಮ. ಅದರ ಮೂಲ ಬೆಂಜಾಲ್ಡಿಹೈಡ್. 1832ರಲ್ಲಿ ಜರ್ಮನಿಯ ವೋಲರ್ ಮತ್ತು ಲೀಬಿಗ್ ಕಹಿ ಬಾದಾಮಿ ಎಣ್ಣೆಯ ಮೇಲೆ ಬರೆದ ಪ್ರಬಂಧ ರಸಾಯನಶಾಸ್ತ್ರದಲ್ಲಿ ಹೆಸರುವಾಸಿ. ಚೆರ್ರಿ, ಏಪ್ರಿಕಾಟ್ ಬೀಜ ಜಜ್ಜಿದರೂ ಬರುವುದು ಇದೇ ವಾಸನೆ. ಬಾದಾಮಿ ಸೆಂಟಿನಲ್ಲಿ ಹಣ್ಣಿನ ನೆರಳು ಕಾಣುವುದು ಅದಕ್ಕೇ.

ಇದನ್ನೆಲ್ಲ ನಾನು ಓದಿದ್ದು ಪಿಎಚ್.ಡಿ.ಗಾಗಿ ಅಲ್ಲ. ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಎರಡು ಸೀಸೆ ಎದುರಿಗಿದ್ದವು, ಫೆಲೋಶಿಪ್ಪಿನ ದುಡ್ಡಿನಲ್ಲಿ ಒಂದಕ್ಕೆ ಮಾತ್ರ ಅವಕಾಶವಿತ್ತು. ಒಂದರಲ್ಲಿ ಚೆರ್ರಿ ಮುಂದೆ, ಬಾದಾಮಿ ಹಿಂದೆ. ಇನ್ನೊಂದರಲ್ಲಿ ಪೀಚ್ ಹಣ್ಣು ಬೇಗ ಸರಿದು ವೆನಿಲಾ ಬೆರೆತ ಬಾದಾಮಿ ಹಾಲು ಉಳಿಯುತ್ತಿತ್ತು. ಸೆಂಟಿನ ಮೊದಲ ಹದಿನೈದು ನಿಮಿಷವನ್ನು ನಂಬಬಾರದು. ಹಗುರ ಅಂಶಗಳು ಹಾರಿಹೋದ ಮೇಲೆ ಉಳಿಯುವುದೇ ಅದರ ನಿಜ ಗುಣ. ಹಾಗಾಗಿ ಎಡಗೈಗೆ ಒಂದು, ಬಲಗೈಗೆ ಒಂದು ಹಾಕಿಸಿಕೊಂಡು ಗುಬ್ಬಿ ಬಸ್ಸು ಹತ್ತಿದೆ.

ನನಗೆ ಹಿಡಿಸಿದ್ದು ಚೆರ್ರಿ. ಆದರೆ ಸೀಸೆ ಅಮ್ಮನಿಗೆ. ಅಪ್ಪ ಹೋಗಿ ನಾಲ್ಕು ವರ್ಷ; ಅಂದಿನಿಂದ ಅಮ್ಮ ಹೂ ಮುಡಿದಿಲ್ಲ. ದಿನಾ ಸಂಜೆ ಒಂದು ಮೊಳ ಮಲ್ಲಿಗೆ ಇಲ್ಲದೆ ಇರುತ್ತಿರಲಿಲ್ಲ ಆಕೆ. ಕುಣಿಗಲ್ಲಿನಲ್ಲಿ ಚಿಕ್ಕಮ್ಮನ ಮಗಳ ಮದುವೆ ಹತ್ತಿರವಾಗಿತ್ತು. “ನಾನು ಹಿಂದ್ಗಡೆ ಎಲ್ಲಾದ್ರೂ ಕೂತಿರ್ತೀನಿ ಬಿಡು” ಎಂದು ಆಗಲೇ ಹೇಳಿಟ್ಟಿದ್ದಳು.

ಅಮ್ಮ ಎರಡೂ ಕೈ ಮೂಸಿದಳು.

“ಎಡಗೈದು ಕೆಮ್ಮಿನ ಔಷ್ದಿ ಇದ್ದಂಗೈತೆ. ಇದು ಚೆನ್ನಾಗೈತೆ. ಹೂವಿಂದಲ್ಲ ತಾನೆ?”

“ಅಲ್ಲಮ್ಮ. ಬಾದಾಮಿ, ಹಣ್ಣು.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಣ್ಣು ಬ್ಯಾಡ ಅಂತ ಯಾರೂ ಹೇಳಿಲ್ವಲ್ಲ” ಎಂದಳು.

ಹೌದು, ಹೇಳಿಲ್ಲ. ಕುಂಕುಮ, ಬಳೆ, ಹೂವು ಎಂದು ಪಟ್ಟಿ ಮಾಡಿದವರಿಗೆ ಬೆಂಜಾಲ್ಡಿಹೈಡ್ ಗೊತ್ತಿರಲಿಲ್ಲ. ಇದರಿಂದ ಸಂಪ್ರದಾಯ ಬದಲಾಯಿತು ಎಂದು ನಾನು ಹೇಳಲಾರೆ. ಮಲ್ಲಿಗೆಗೆ ಅಮ್ಮ ಈಗಲೂ ಒಪ್ಪುವುದಿಲ್ಲ. ನಾನು ಓದಿದ ಸ್ತ್ರೀವಾದದ ಪುಸ್ತಕಗಳನ್ನು ಆಕೆಯ ಮೇಲೆ ಹೇರುವ ಮನಸ್ಸೂ ನನಗಿಲ್ಲ. ಆದರೆ ಮೈಯಿಂದ ಒಂದು ಒಳ್ಳೆಯ ಘಮ ಬರಲಿ ಎಂಬ ಆಸೆ ಗಂಡನ ಜೊತೆಗೇ ಹೋಗಬೇಕಿಲ್ಲ ಎಂಬುದನ್ನು ಅಮ್ಮ ತಾನೇ ಕಂಡುಕೊಂಡಳು.

ಮದುವೆಯಲ್ಲಿ ಅಮ್ಮ ಹೆಂಗಸರ ನಡುವೆಯೇ ಕೂತಿದ್ದಳು. “ಏನಕ್ಕಾ, ಘಮ್ ಅಂತೀಯಾ?” ಎಂದು ಚಿಕ್ಕಮ್ಮ ಕೇಳಿದರೆ, “ಬಾದಾಮಿ ಕಣೆ” ಎಂದಳಷ್ಟೆ.

ಈಗ ಸೀಸೆ ಬೀರುವಿನಲ್ಲಿದೆ. ಮುಂದಿನ ಮದುವೆಗೆ ಎತ್ತಿಟ್ಟಿದ್ದಾಳಂತೆ. ಗಾಳಿ ತಾಗಿದರೆ ಬೆಂಜಾಲ್ಡಿಹೈಡ್ ಬೆಂಜೋಯಿಕ್ ಆಮ್ಲವಾಗುತ್ತದೆ, ಘಮ ಹೋಗುತ್ತದೆ. “ಕೂಡಿಟ್ರೆ ಕೆಡುತ್ತಮ್ಮ, ದಿನಾ ಹಾಕ್ಕೋ” ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದೇನೆ.